ಎದುರು ಮನೆಯ ಒಲೆ

"ಗುರುಗಳೇ, ನಾನು ಇಲ್ಲಿಯೇ ಉಳಿದು ನನ್ನನ್ನು ತಿದ್ದಿಕೊಳ್ಳಬೇಕೋ, ಬೇರೆ ಗುರುವನ್ನು ಹುಡುಕಿಕೊಂಡು ಹೋಗಬೇಕೋ?" ಎಂದು ಗುರುಪಾದನೆಂಬ ಶಿಷ್ಯ ಕೇಳಿದ.

"ಏನು ಕೆಟ್ಟಿದೆ?" ಎಂದರು ಗುರುಗಳು.

"ನನ್ನ ಓದು ಕೆಟ್ಟಿದೆ. ನಾನು ಬಂದು ಮೂರು ವರ್ಷವಾಯಿತು. ಮಹಾಂತ ಬಂದದ್ದು ಕಳೆದ ಶ್ರಾವಣದಲ್ಲಿ. ಆದರೂ ಬೆಳಿಗ್ಗೆ ನೀವು ಮೊದಲು ಕರೆಯುವುದು ಅವನನ್ನು. ಅವನು ತಪ್ಪಿದರೆ ನಗುತ್ತೀರಿ, ನಾನು ತಪ್ಪಿದರೆ ಹುಬ್ಬು ಗಂಟಿಕ್ಕುತ್ತೀರಿ. ಇಲ್ಲಿ ಇನ್ನು ನನಗೆ ವಿದ್ಯೆ ಹತ್ತಲಾರದು."

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಗಾಡಿಗಳು ಓಡಾಡುವ ದಾರಿಯ ಬದಿಯಲ್ಲಿ ಒಬ್ಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಗಂಡ ಸತ್ತ ವರ್ಷ ಅವಳು ಅಲ್ಲಿಗೆ ಬಂದಾಗ ಅವಳ ಕೈಯಲ್ಲಿದ್ದದ್ದು ರೊಟ್ಟಿ ಸುಡುವ ಒಂದು ಹೆಂಚು ಮಾತ್ರ. ಮಣ್ಣನ್ನು ತಾನೇ ತುಳಿದಳು, ಒಲೆಯನ್ನು ತಾನೇ ಹೂಡಿದಳು. ಮುಂದಿನ ಬಾಯಿಯ ಮೇಲೆ ಹೆಂಚು. ಅದೇ ಉರಿ ಹಾದುಹೋಗುವ ಪಕ್ಕದ ಕೋಡೊಲೆಯ ಮೇಲೆ ಬೇಳೆಯ ಗಡಿಗೆ. ಹನ್ನೆರಡು ವರ್ಷ ಆ ದಾರಿಯ ಗಾಡಿಯವರಿಗೆಲ್ಲ ಆ ಒಲೆಯೇ ಉಣ್ಣಿಸಿತು. ದಿನಾ ಬೆಳಿಗ್ಗೆ ಅದನ್ನು ಸಾರಿಸಿ, ನಾಲ್ಕು ಎಳೆ ರಂಗೋಲಿ ಎಳೆದ ಮೇಲೆಯೇ ಅವಳು ಬೆಂಕಿ ಹಾಕುತ್ತಿದ್ದಳು. "ಯಾರ ಹಂಗೂ ಇಲ್ಲದ ಒಲೆ ಇದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಹದಿಮೂರನೆಯ ವರ್ಷ ದಾರಿಯ ಆಚೆ ಬದಿಯಲ್ಲಿ ಇನ್ನೊಬ್ಬಳು ಖಾನಾವಳಿ ತೆರೆದಳು. ಅವಳ ಒಲೆಗೆ ಮೂರು ಬಾಯಿ. ಹೊಗೆ ಹೋಗಲು ಗೋಡೆಯಲ್ಲಿ ಮಣ್ಣಿನ ಕೊಳವೆ. ಮೊದಲ ದಿನವೇ ಎರಡು ಗಾಡಿಗಳು ಅಲ್ಲಿ ನಿಂತವು. ಈಚೆಯವಳು ಬಾಗಿಲಿಗೆ ಬಂದು ನೋಡಿದಳು. ಎತ್ತುಗಳ ಕೊಂಬಿನ ಬಣ್ಣದಿಂದಲೇ ಅವು ಯಾರ ಗಾಡಿಗಳೆಂದು ತಿಳಿಯಿತು. ಹನ್ನೆರಡು ವರ್ಷ ತನ್ನ ಕೈಯ ಅನ್ನ ಉಂಡವರು.

ಅಂದಿನಿಂದ ದಾರಿಯಲ್ಲಿ ಎತ್ತಿನ ಗಂಟೆಯ ಸದ್ದು ನಿಂತಾಗಲೆಲ್ಲ ಅವಳು ಬಾಗಿಲಿಗೆ ಬಂದಳು. ಎದುರಿನವಳು ಯಾವ ಸೀರೆ ಉಟ್ಟಳೆಂಬುದು ಅವಳಿಗೆ ಗೊತ್ತು. ಅವಳ ಮನೆಗೆ ಯಾವ ಮರದ ಸೌದೆ ಬಂತೆಂಬುದು ಗೊತ್ತು. ಅವಳು ನಕ್ಕರೆ ಈಚೆಯವಳ ಎದೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಆ ಬೇಸಿಗೆಯಲ್ಲಿ ಅವಳ ಒಲೆ ಸೀಳಿತು. ಕೋಡೊಲೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಉರಿ ಗಡಿಗೆಗೆ ತಾಗದೆ ಅಲ್ಲಿಂದಲೇ ಹೊರಗೆ ನುಗ್ಗತೊಡಗಿತು. ಬೇಳೆ ಬೇಯದೆ ಹೋದರೆ ಉಳಿದ ಗಾಡಿಗಳೂ ದಾರಿ ದಾಟುತ್ತವೆ. ಅವಳು ಒಲೆ ಹಾಕುವ ಕುಂಬಾರಗಿತ್ತಿಯನ್ನು ಕರೆಸಿದಳು. ಎದುರಿನವಳ ಒಲೆಯನ್ನು ಹಾಕಿದವಳೂ ಆ ಮುದುಕಿಯೇ.

ಮುದುಕಿ ಬಿರುಕಿನಲ್ಲಿ ಕೈಯಾಡಿಸಿ, "ಮೆತ್ತಿದರೆ ಸಾಕು ಮಗಳೇ. ಹುತ್ತದ ಮಣ್ಣು, ಸಗಣಿ, ಒಂದು ಹಿಡಿ ಹೊಟ್ಟು. ಮೂರು ದಿನ ಬೆಂಕಿ ಹಾಕಬೇಡ. ಇನ್ನೂ ಹತ್ತು ವರ್ಷ ಬರುತ್ತದೆ" ಎಂದಳು.

"ಎದುರಿನವಳಿಗೂ ಮೆತ್ತಿಯೇ ಕೊಟ್ಟೆಯೇನು?"

"ಅವಳ ಹತ್ತಿರ ಮೆತ್ತಲು ಹಳೆಯದು ಎಲ್ಲಿತ್ತು?"

"ಅವಳು ಹೊಸದರ ಮುಂದೆ ಕೂರಬೇಕು, ನಾನು ತೇಪೆಯ ಮುಂದೆ ಕೂರಬೇಕು. ಚೆನ್ನಾಗಿದೆ ಅಜ್ಜಿ ನಿನ್ನ ನ್ಯಾಯ. ಅವಳದಕ್ಕೆ ಮೂರು ಬಾಯಿಯಂತೆ. ನನಗೆ ನಾಲ್ಕು ಬಾಯಿಯದು ಹಾಕು."

"ನಾಲ್ಕನೆಯದರ ಮೇಲೆ ಏನು ಇಡುತ್ತೀ?"

"ಅದನ್ನು ಆಮೇಲೆ ನೋಡಿಕೊಳ್ಳುತ್ತೇನೆ."

ಹಳೆಯ ಒಲೆಯನ್ನು ಅವಳೇ ಗುದ್ದಲಿ ಹಿಡಿದು ಒಡೆದಳು. ಗಟ್ಟಿಯಾಗಲೆಂದು ಹಿಂದೆ ತಾನೇ ಮಣ್ಣಿನೊಳಗೆ ಸೇರಿಸಿದ್ದ ಮಡಕೆಯ ಚೂರುಗಳು ಕಂಡವು. ಅವಳು ಅಳಲಿಲ್ಲ. ಅವನ್ನು ಗುಡಿಸಿ ಹೊರಗೆ ಹಾಕಿದಳು.

ಹೊಸ ಒಲೆ ಆರಲು ಎಂಟು ದಿನ ಬೇಕಾಗಿತ್ತು. ಅಷ್ಟು ದಿನ ಅವಳು ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿದಳು. ಹಿತ್ತಲಿನಿಂದ ದಾರಿ ಕಾಣುತ್ತಿರಲಿಲ್ಲ, ಗಂಟೆಯ ಸದ್ದೂ ಕೇಳುತ್ತಿರಲಿಲ್ಲ. ರೊಟ್ಟಿಗಳು ಉಬ್ಬಿ ಬಂದವು. ಐದನೆಯ ದಿನ ಬಿಟ್ಟು ಹೋಗಿದ್ದ ಗಾಡಿಯವನೊಬ್ಬ ತಿರುಗಿ ಬಂದು ಎಲೆಯ ಮುಂದೆ ಕೂತ.

"ಅಕ್ಕಾ, ಎದುರಿನ ರೊಟ್ಟಿ ನಿನ್ನ ರೊಟ್ಟಿಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಕರಕಲಾಗಿರುವುದಿಲ್ಲ. ಅದಕ್ಕೇ ಹೋಗಿದ್ದೆ. ಈಗ ನಿನ್ನವೂ ಹಿಂದಿನಂತೆಯೇ ಆಗಿವೆ. ಇನ್ನೆರಡು ಹಾಕು" ಎಂದ.

ಹೊಸ ಒಲೆಯ ಸುದ್ದಿ ಕೇಳಿಯೇ ಇವನು ಬಂದಿದ್ದಾನೆ ಎಂದುಕೊಂಡಳು ಅವಳು.

ಒಂಬತ್ತನೆಯ ದಿನ ಹೊಸ ಒಲೆಗೆ ಬೆಂಕಿ ಹಾಕಿದಳು. ಎದುರಿನವಳಿಗೆ ಕಾಣಲೆಂದು ಬಾಗಿಲನ್ನು ಪೂರ್ತಿ ತೆರೆದಿಟ್ಟಳು. ಒಂದು ತಿಂಗಳು ಕಳೆಯುವಷ್ಟರಲ್ಲಿ ಹೊಸ ಒಲೆಯೂ ಸೀಳಿತು. ಅದೂ ಹಳೆಯದು ಸೀಳಿದ ಜಾಗದಲ್ಲೇ, ಬೇಳೆಯ ಗಡಿಗೆಯ ಕೆಳಗೆ.

ಕರೆಸಿದ ಕುಂಬಾರಗಿತ್ತಿ ಹೊಸ್ತಿಲು ದಾಟುವ ಮೊದಲೇ ಅವಳು ರೇಗಿದಳು. "ಒಳ್ಳೆಯ ಮಣ್ಣೆಲ್ಲ ಅವಳಿಗೆ, ಕೆರೆಯ ಕೆಸರು ನನಗೆ! ಅವಳು ನಿನಗೆ ಏನು ಉಣ್ಣಿಸಿದಳು ಅಜ್ಜಿ?"

"ಎರಡಕ್ಕೂ ಒಂದೇ ಗುಂಡಿಯ ಮಣ್ಣು. ಅವಳು ಉಣ್ಣಿಸಲಿಲ್ಲ, ನೀನೂ ಉಣ್ಣಿಸಲಿಲ್ಲ. ಬಿರುಕಿಗೆ ಸ್ವಲ್ಪ ಹಸಿಮಣ್ಣು ತುಂಬುತ್ತೇನೆ, ಇವತ್ತಿನ ಮಟ್ಟಿಗೆ ತಡೆಯುತ್ತದೆ. ನೀನು ಅಡುಗೆ ಮಾಡು, ನಾನು ನೋಡುತ್ತೇನೆ" ಎಂದು ಮುದುಕಿ ಒಳಗೆ ಬಂದು, ಬಿರುಕಿಗೆ ಮಣ್ಣು ತುಂಬಿ, ಮಣೆಯ ಮೇಲೆ ಕೂತಳು.

ಅವಳು ಬೇಳೆ ಇಟ್ಟಳು, ರೊಟ್ಟಿ ತಟ್ಟಿ ಹೆಂಚಿಗೆ ಹಾಕಿದಳು. ದಾರಿಯಲ್ಲಿ ಗಂಟೆಯ ಸದ್ದು ನಿಂತಿತು. ಅವಳು ಎದ್ದು ಬಾಗಿಲಿಗೆ ಹೋದಳು. ತಿರುಗಿ ಬರುವಾಗ ರೊಟ್ಟಿಯ ಒಂದು ಮುಖ ಕಪ್ಪಾಗಿತ್ತು. ಆ ಮುಖವನ್ನು ಕೆಳಗೆ ಮಾಡಿ ಬುಟ್ಟಿಯಲ್ಲಿಟ್ಟಳು. ಮತ್ತೆ ಸದ್ದು ನಿಂತಿತು, ಮತ್ತೆ ಎದ್ದಳು. ಹೀಗೆ ಏಳನೆಯ ಸಲ ಅವಳು ಬಾಗಿಲಲ್ಲಿ ನಿಂತಿದ್ದಾಗ ಬೇಳೆ ಉಕ್ಕಿ ಒಲೆಯ ಗೋಡೆಯ ಮೇಲೆ ಇಳಿಯಿತು. ಅವಳು ಓಡಿ ಬಂದು, ಚೆಲ್ಲಿದ್ದು ಸೀದು ವಾಸನೆ ಬರಬಾರದೆಂದು ಒಂದು ತಂಬಿಗೆ ತಣ್ಣೀರನ್ನು ಅದರ ಮೇಲೆ ಸುರಿದಳು. ಕಾದ ಮಣ್ಣು ಚುಂಯ್ ಎಂದಿತು. ಬಿರುಕಿನಿಂದ ಇನ್ನೊಂದು ಗೆರೆ ಒಡೆದು ಕೆಳಗಿಳಿಯಿತು.

"ದಿನಾ ಹೀಗೆಯೇ?" ಎಂದಳು ಮುದುಕಿ.

"ಗಾಡಿ ಬಂತೇನೋ ಎಂದು ನೋಡಲು ಎದ್ದೆ. ಖಾನಾವಳಿ ನಡೆಸುವವಳು ನೋಡಬೇಡವೇ?"

"ನಿನ್ನ ಜಗಲಿಯ ಮೇಲೆ ಒಬ್ಬ ಗಾಡಿಯವನು ಕೂತು ಎರಡು ಸಲ ಅಕ್ಕಾ ಎಂದು ಕರೆದ. ನೀನು ಅವನ ತಲೆಯ ಮೇಲಿಂದ ದಾರಿಯ ಆಚೆಗೆ ನೋಡುತ್ತಿದ್ದೆ. ಅವನು ಎದ್ದು ಹೋದ."

ಅವಳು ಖಾಲಿ ತಂಬಿಗೆಯನ್ನು ಕೆಳಗಿಟ್ಟಳು. ಆಮೇಲೆ, "ಅದೆಲ್ಲ ಇರಲಿ. ಈಗ ಇದನ್ನು ಮೆತ್ತುತ್ತೀಯೋ, ಒಡೆದು ಹೊಸದು ಹಾಕುತ್ತೀಯೋ, ಅದನ್ನು ಹೇಳು" ಎಂದಳು.

"ಮೆತ್ತುವುದೂ ನನಗೆ ಬರುತ್ತದೆ, ಹೊಸದು ಹಾಕುವುದೂ ಬರುತ್ತದೆ ಮಗಳೇ. ಎದ್ದು ಹೋದವಳನ್ನು ತಂದು ಒಲೆಯ ಮುಂದೆ ಕೂರಿಸುವುದು ಮಾತ್ರ ನನಗೆ ಬರುವುದಿಲ್ಲ."

ಅವಳು ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ದಾರಿಯಲ್ಲಿ ಗಂಟೆಯ ಸದ್ದು ನಿಂತಿತು. ಅವಳು ಏಳಲಿಲ್ಲ. ಆದರೆ ಕುತ್ತಿಗೆ ತಿರುಗಿತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

"ಕೊನೆಗೆ ಅವಳು ಒಲೆಯನ್ನು ಮೆತ್ತಿಸಿದಳೋ, ಹೊಸದು ಹಾಕಿಸಿದಳೋ?" ಎಂದು ಗುರುಪಾದ ಕೇಳಿದ.

ಗುರುಗಳು, "ನಿನ್ನೆ ಬೆಳಿಗ್ಗೆ ನಾನು ಮಹಾಂತನಿಗೆ ಹೇಳಿಕೊಟ್ಟದ್ದೇನು?" ಎಂದರು.

ಗುರುಪಾದ ಒಂದು ಅಕ್ಷರವೂ ತಡವರಿಸದೆ ಅಷ್ಟನ್ನೂ ಒಪ್ಪಿಸಿದ. ಗುರುಗಳು ಎಲ್ಲಿ ನಕ್ಕರು, ಯಾವ ಮಾತನ್ನು ಎರಡು ಸಲ ಹೇಳಿದರು ಎಂಬುದನ್ನೂ ಬಿಡಲಿಲ್ಲ.

ಗುರುಗಳು ಕೇಳಿದರು: "ನಿನಗೆ ಹೇಳಿಕೊಟ್ಟದ್ದೇನು?"