ಗೌಡ ಕೇಳದೆ ಬಿಟ್ಟ ಮಾತು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮಗುವಿಗೆ ನೋವು ಕೊಟ್ಟವರು ಮನೆಯವರೇ. ಅದನ್ನು ಕಾಪಾಡುವ ದಾರಿ ಯಾವುದೆಂದು ಮತ್ತೆ ಅವರನ್ನೇ ಕೇಳಬೇಕೆ?"

ಗುರುಗಳು ಹೇಳಿದರು:

ಒಬ್ಬ ಕಲ್ಲುಕುಟಿಗನಿದ್ದ. ಹೆಂಡತಿ ತೀರಿಕೊಂಡಿದ್ದಳು. ಐದು ವರ್ಷದ ಮಗಳನ್ನು ಕಲ್ಲುಗಣಿಗೆ ಕರೆದೊಯ್ದು, ಗುಂಡಿಗೆ ಬೀಳದಿರಲೆಂದು ಕಾಲಿಗೆ ಹಗ್ಗ ಹಾಕಿ ಬೇವಿನ ಮರಕ್ಕೆ ಕಟ್ಟುತ್ತಿದ್ದ. ಕೆಲಸ ಮುಗಿಯುವವರೆಗೂ ಬಿಚ್ಚುತ್ತಿರಲಿಲ್ಲ. ಹಗ್ಗ ಉಜ್ಜಿ ಉಜ್ಜಿ ಮಗುವಿನ ಕಾಲು ಹುಣ್ಣಾಯಿತು.

ಊರ ಗೌಡ ಅದನ್ನು ಕಂಡ. ಮನೆಯವರನ್ನೆಲ್ಲ ಚಾವಡಿಗೆ ಕರೆಸಿ, ತಪ್ಪು ಯಾರದೆಂದು ವಿಚಾರಿಸಿದ. ಕಲ್ಲುಕುಟಿಗ ತಲೆ ತಗ್ಗಿಸಿ ನಿಂತ. ಅವನ ಅಕ್ಕ ಮಗುವಿನ ಅಜ್ಜಿಯನ್ನು ದೂರಿದಳು. ಅಜ್ಜಿ ಅಕ್ಕನನ್ನು ದೂರಿದಳು. ಗೌಡನಿಗೆ ಬೇಸರವಾಯಿತು. ಮಗುವನ್ನು ಕರೆದೊಯ್ದು ಒಬ್ಬ ವರ್ತಕನ ಮನೆಯಲ್ಲಿ ಬಿಟ್ಟ. ಅಲ್ಲಿ ಹಾಲಿತ್ತು, ಹಾಸಿಗೆಯಿತ್ತು, ಬೈಯುವವರು ಯಾರೂ ಇರಲಿಲ್ಲ.

ಎಂಟನೆಯ ದಿನ ಮಗು ಕಾಣೆಯಾಯಿತು. ಹುಡುಕಿದವರಿಗೆ ಅದು ಸಿಕ್ಕಿದ್ದು ಗಣಿಯ ಗುಂಡಿಯ ಅಂಚಿನಲ್ಲಿ. ಕೆಳಗೆ ಬಗ್ಗಿ ಅಪ್ಪನನ್ನು ಕೂಗುತ್ತಿತ್ತು.

ಗೌಡ ಮನೆಯವರನ್ನು ಮತ್ತೆ ಕರೆಸಿದ. ಈ ಸಲ ತಪ್ಪಿನ ಮಾತೆತ್ತಲಿಲ್ಲ. "ನಾಳೆಯಿಂದ ಮಗು ಯಾರ ಹತ್ತಿರ ಇರಬೇಕು? ನೀವೇ ಕೂತು ಮಾತಾಡಿಕೊಂಡು ಹೇಳಿ. ಹಗ್ಗ ಮಾತ್ರ ಕೂಡದು" ಎಂದು ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತ.

ಒಳಗಿನಿಂದ ಮೊದಲು ಜಗಳ ಕೇಳಿಸಿತು. ಆಮೇಲೆ ಯಾರೋ ಅತ್ತರು. ಆಮೇಲೆ ಬಹಳ ಹೊತ್ತು ತಗ್ಗಿದ ದನಿಯ ಮಾತು. ಕೊನೆಗೆ ಮೂವರೂ ಹೊರಗೆ ಬಂದರು.

ಅಜ್ಜಿ ಹೇಳಿದಳು: "ಹಗಲು ನನ್ನ ಹತ್ತಿರ ಇರಲಿ. ಸಂತೆಯ ದಿನ ನಾನು ಊರಲ್ಲಿರುವುದಿಲ್ಲ, ಅವತ್ತು ಇವನ ಅಕ್ಕ ನೋಡಿಕೊಳ್ಳುತ್ತಾಳೆ. ಸಂಜೆ ಅಪ್ಪನ ಮನೆಗೆ."

"ಇದನ್ನು ಅವತ್ತೇ ಹೇಳಬಹುದಿತ್ತಲ್ಲ ಅಜ್ಜೀ?"

"ಅವತ್ತು ತಾವು ಕೇಳಿದ್ದು ತಪ್ಪು ಯಾರದು ಅಂತ. ಮಗುವನ್ನು ಯಾರು ನೋಡಿಕೊಳ್ಳುತ್ತೀರಿ ಅಂತ ಕೇಳಲಿಲ್ಲವಲ್ಲ ಗೌಡರೇ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆ ತಂದೆ ಮತ್ತೆಂದೂ ಮಗುವನ್ನು ಕಟ್ಟಲಿಲ್ಲವೇ?" ಎಂದು ಕೇಳಿದ.

"ಒಂದು ದಿನ ಕಟ್ಟಿದ; ಗೌಡನಿಗೆ ಸುದ್ದಿ ಮುಟ್ಟುವ ಮೊದಲೇ ಅಕ್ಕ ಓಡಿಬಂದು ಬಿಚ್ಚಿದ್ದಳು."