ಕೊನೆಯ ಪುಟದ ಪೆನ್ಸಿಲ್ ಗೀಚು

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಮಠ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜ ಅಂತಲೇ ಕರೆಯುತ್ತಿದ್ದರು. ಅವರ ಹಳೆಯ ಶಿಷ್ಯ ಅಡಿವೆಪ್ಪ ಒಂದು ದಿನ ಎರಡು ಟ್ರಂಕು ಪುಸ್ತಕ ತಂದು ಅವರೆದುರು ಇಳಿಸಿದ. ಅವನ ಬಟ್ಟೆಬರೆಯೆಲ್ಲ ಒಂದು ಕೈಚೀಲದಲ್ಲಿತ್ತು.

ಅಚ್ಚುಕೂಟದಲ್ಲಿ ಕರಡು ತಿದ್ದುತ್ತ ತಲೆ ನೆರೆತ ಮನುಷ್ಯ. ಕೆಲಸ ಬಿಟ್ಟರೂ ಕಿವಿಯ ಮೇಲಿನ ಪೆನ್ಸಿಲ್ ಬಿಟ್ಟಿರಲಿಲ್ಲ. ಮದುವೆ ಆಗಲಿಲ್ಲ. 'ಮಂಜಿನ ಏಣಿ' ಎಂಬ ಮಕ್ಕಳ ಕಥೆಯ ಏಳು ಭಾಗಗಳ ಎಲ್ಲ ಮುದ್ರಣಗಳ ಬೆನ್ನು ಹತ್ತಿ ಆಯುಷ್ಯ ಕಳೆದಿದ್ದ. ಮಾತಾಡುವ ಕುದುರೆ, ಮಂಜಿನೊಳಗೊಂದು ರಾಜ್ಯ, ಅಂಥ ಕಥೆ.

ಯಾವ ಮುದ್ರಣದಲ್ಲಿ ಯಾವ ಅಕ್ಷರ ತಪ್ಪಿದೆ, ಯಾವ ಚಿತ್ರ ತಲೆಕೆಳಗಾಗಿದೆ, ಎಲ್ಲವೂ ಅವನ ದಪ್ಪ ಪಟ್ಟಿಯಲ್ಲಿತ್ತು. ಮೂವತ್ತು ವರ್ಷದ ಕೆಲಸ. ಅದರ ಬಗ್ಗೆ ಅವನನ್ನು ಯಾರೂ ಒಂದೇ ಒಂದು ಮಾತು ಕೇಳಿರಲಿಲ್ಲ. ಅದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

"ಇವನ್ನೆಲ್ಲ ಮಠಕ್ಕ ಕೊಟ್ಟುಬಿಡ್ತೀನ್ರಿ ಅಜ್ಜಾ. ನನಗ ಸಾಕಾಗೇತಿ. ನೀವೂ ಬ್ಯಾಡ ಅಂದ್ರ ಹೊಳಿಗೆ ಬಿಡ್ತೀನಿ."

ಅಜ್ಜನ ಕಣ್ಣು ಮಂಜಾಗಿ ಎಷ್ಟೋ ವರ್ಷವಾಗಿತ್ತು. ಟ್ರಂಕಿನೊಳಗೆ ಕೈಹಾಕಿ, ಸಿಕ್ಕ ಒಂದು ಪುಸ್ತಕ ಎತ್ತಿ ಕೊಟ್ಟರು.

"ಇದನ್ನ ಓದು."

ಅದು ಮೂರನೇ ಭಾಗ. ಯಾವುದೋ ಊರಿನ ವಾಚನಾಲಯ ಮುಚ್ಚಿದಾಗ ರದ್ದಿಗೆ ಬಿದ್ದಿದ್ದ ಪ್ರತಿ. ಮೊದಲ ಭಾಗದಿಂದ ಓದುತ್ತೇನೆ, ಇದಕ್ಕಿಂತ ಒಳ್ಳೆಯ ಪ್ರತಿಯೂ ಇದೆ ಎಂದು ಅಡಿವೆಪ್ಪ ಗೋಗರೆದ. ಅಜ್ಜ ಆಗಲೇ ಬೇವಿನ ಮರಕ್ಕೆ ಒರಗಿ ಕಟ್ಟೆಯ ಮೇಲೆ ಕೂತಿದ್ದರು.

ಓದು ಮುಗಿಯಲು ನಾಲ್ಕು ಮಧ್ಯಾಹ್ನ ಹಿಡಿಯಿತು. ಕರಡು ಓದುವ ಚಾಳಿಯಂತೆ ಅಡಿವೆಪ್ಪ ಅಲ್ಪವಿರಾಮ, ಪೂರ್ಣವಿರಾಮ ಅನ್ನುವುದನ್ನೂ ಬಾಯಿಬಿಟ್ಟು ಓದಿದ. ಅಜ್ಜ ಅದನ್ನೂ ಸಹಿಸಿಕೊಂಡರು. ಕೊನೆಗೆ ಗಂಗಿ ಎಂಬ ಹುಡುಗಿಯನ್ನು ಉಳಿಸಲು ಚುಕ್ಕಿ ಎಂಬ ಕುಂಟುವ ಹೆಣ್ಣುಕುದುರೆ ಒಬ್ಬಳೇ ಮಂಜಿನೊಳಗೆ ಹೊಕ್ಕುಬಿಡುತ್ತಾಳೆ. ಪುಸ್ತಕ ಅಲ್ಲಿಗೇ ನಿಲ್ಲುತ್ತದೆ.

"ಚುಕ್ಕಿ ತಿರುಗಿ ಬರ್ತಾಳೇನು?" ಅಜ್ಜ ಕೇಳಿದರು.

ಅಡಿವೆಪ್ಪನ ಮುಖ ಅರಳಿತು. ನಾಲ್ಕನೇ ಭಾಗದ ಮೊದಲ ಮುದ್ರಣದಲ್ಲಿ ಚುಕ್ಕಿ ಎರಡು ಕಡೆ 'ಚಿಕ್ಕಿ' ಆಗಿದ್ದಾಳೆ, ಎರಡನೆಯದರಲ್ಲಿ ಕುಂಟುವ ಕಾಲು ಎಡದ್ದು ಹೋಗಿ ಬಲದ್ದಾಗಿದೆ ಎಂದು ಹೊತ್ತು ಮುಳುಗುವ ತನಕ ಹೇಳಿದ. ಅಜ್ಜ ಎದ್ದು ಒಳಗೆ ಹೋದರು.

ಮರುದಿನವೂ ಅದನ್ನೇ ಕೇಳಿದರು. ಅಡಿವೆಪ್ಪ ಚಿತ್ರಕಾರರು ಬದಲಾದ ಕಥೆ ಹೇಳಿದ.

ಮೂರನೇ ದಿನ ಮತ್ತೆ ಕೇಳಿದರು. ಅವನು ಪಟ್ಟಿಯನ್ನೇ ತಂದು ಓದಿದ. ಅಜ್ಜನಿಗೆ ಮುಪ್ಪಿನ ಮರೆವು ಎಂದುಕೊಂಡ. ಇಲ್ಲಿಯೂ ತಾನು ಒಬ್ಬನೇ ಅನಿಸಿತು.

ಪುಸ್ತಕ ಒಪ್ಪಿಸಿ ಹೊರಟುಬಿಡುವುದೆಂದು ಅವನು ಅಂದೇ ನಿಶ್ಚಯಿಸಿದ. ಮರುದಿನ ಬೆಳಿಗ್ಗೆ, ಕೊಡುವ ವಸ್ತು ಚೊಕ್ಕವಾಗಿರಲಿ ಎಂದು ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ಒರೆಸತೊಡಗಿದ. ಅಜ್ಜ ಪಕ್ಕದಲ್ಲಿ ಬಿಸಿಲು ಕಾಯಿಸುತ್ತಿದ್ದರು. ಮೂರನೇ ಭಾಗದ ಕೊನೆಯ ಪುಟಕ್ಕೆ ಬಂದಾಗ ಅಡಿವೆಪ್ಪ ರಬ್ಬರ್ ತೆಗೆದು ಕೆಳಗಿನ ಸಾಲಿನಿಂದ ಉಜ್ಜತೊಡಗಿದ.

"ಏನ್ ಉಜ್ಜಾಕತ್ತಿ?"

"ಪೆನ್ಸಿಲ್ ಗೀಚು ಐತ್ರಿ. ಪಟ್ಟಿಯೊಳಗ ದೋಷ ಅಂತ ಬರದೀನಿ."

"ಏನಂತ ಗೀಚ್ಯಾರ?"

ಆ ಪುಟವನ್ನು ಅಡಿವೆಪ್ಪ ನೂರು ಸಲ ನೋಡಿದ್ದ, ಗೀಚನ್ನು ಓದಿರಲಿಲ್ಲ. ಬೆಳಕಿಗೆ ಹಿಡಿದು ಓದಿದ.

"'ಚುಕ್ಕಿ ತಿರುಗಿ ಬರ್ತಾಳೇನು? ನಾಕನೇ ಭಾಗ ನಮ್ಮೂರಾಗ ಇಲ್ಲ. ಓದಿದವರು ಯಾರರ ಇದ್ರ ಇಲ್ಲೇ ಬರೀರಿ. ನಾ ದಿನಾ ಬಂದು ನೋಡ್ತೀನಿ. ಸಾಲ್ಯಾಗ ಆರನೇ ಇಯತ್ತೆ ಹುಡುಗಿ...'"

ಅವನ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

"ಹೆಸರು?"

"ಅಳಿಸಿಬಿಟ್ಟೆನ್ರಿ."

ರಬ್ಬರಿನ ಪುಡಿ ಅವನ ಮಡಿಲಲ್ಲಿ ಬಿದ್ದಿತ್ತು. ಕೊಡವಲು ಮನಸ್ಸಾಗಲಿಲ್ಲ. ಒಬ್ಬ ಹುಡುಗಿ ದಿನಾ ವಾಚನಾಲಯಕ್ಕೆ ಬಂದು, ಈ ಪುಟ ತೆಗೆದು ನೋಡಿ, ಸುಮ್ಮನೆ ಮನೆಗೆ ಹೋದದ್ದು ಅವನ ಕಣ್ಣಿಗೆ ಕಟ್ಟಿತು. ಆಮೇಲೆ ಎಷ್ಟೋ ವರ್ಷ ಆ ಪ್ರಶ್ನೆ ಅವನ ಟ್ರಂಕಿನಲ್ಲೇ ಇತ್ತು. ಅಡಿವೆಪ್ಪನಿಗೆ ಅಳು ಬಂತು.

"ವಾಚನಾಲಯದ ಕಾಲದ್ದು, ನಲವತ್ತು ವರ್ಷದ ಹಿಂದಿಂದು ಅಜ್ಜಾ. ಆಕಿ ಎಲ್ಲಿದ್ದಾಳೋ, ಇದ್ದಾಳೋ ಇಲ್ಲೋ. ಈಗ ಬರದ್ರ ಯಾರು ಓದ್ತಾರ?"

ಅಜ್ಜ ಕೈಚಾಚಿ, ತಡವಿ, ಅವನ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವನ ಕೈಯಲ್ಲಿಟ್ಟರು.

"ಮೂರ ಸಲ ನಾನೂ ಕೇಳೀನಿ. ಆದ್ರ ಪಾಳಿ ಆಕಿದೈತಿ. ಮೊದಲ ಆಕಿಗೆ ಹೇಳು, ನಾ ಕಾಯ್ತೀನಿ."