ಇಳಿದು ಬಂದ ಸಭೆ

ನನಗೆ ಕಥೆ ಹೇಳಲು ಬರುವುದಿಲ್ಲ, ಕ್ಷಮಿಸಿ. ಅಂಗವಿಕಲರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ನಮ್ಮ ಜಿಲ್ಲೆ ಪಾಲಿಸುತ್ತಿದೆಯೇ ಎಂದು ನೋಡುವ ಸಭೆ ನಮ್ಮ ಕಚೇರಿಯ ಮಹಡಿಯಲ್ಲಿತ್ತು. ಮಹಡಿಗೆ ಮೆಟ್ಟಿಲು ಮಾತ್ರ, ಲಿಫ್ಟ್ ಇಲ್ಲ. ದೂರು ಹೇಳಲು ಬಂದ ನೀಲವ್ವ ಗಾಲಿಕುರ್ಚಿಯಲ್ಲಿ ಕೆಳಗೇ ಉಳಿದರು.

"ಮೇಲೆ ಬರದವರಿಗೆ ದೂರಿಲ್ಲ ಅಂತ ಬರ್ಕೊಳ್ಳಿ," ಎಂದರು ಸಾಹೇಬರು. "ಹೊನ್ನಪ್ಪ, ಮಿರ್ಚಿ ತಾ." ಮಿರ್ಚಿ ಎಂದರೆ ಮೆಣಸಿನಕಾಯಿ ಬಜ್ಜಿ.

ಜವಾನ ಹೊನ್ನಪ್ಪ ಬಿಸಿ ತಟ್ಟೆಯನ್ನು ನೀಲವ್ವನ ಪಕ್ಕದಲ್ಲಿಟ್ಟು ಬರಿಗೈಯಲ್ಲಿ ಮೇಲೆ ಬಂದ.

"ಮಿರ್ಚಿ ಕೆಳಗ ಅದಾವ್ರಿ ಸಾಹೇಬ್ರ. ಇಳಿದು ಬರದವರಿಗೆ ಹಸಿವಿಲ್ಲಂತ ಬರ್ಕೊಳ್ಳಲೇನ್ರಿ?"

ಎಲ್ಲರೂ ನಕ್ಕರು. ಸಾಹೇಬರು ಕೆಂಪಾದರು, ಆಮೇಲೆ ಎದ್ದರು. ಹಿಂದೆಯೇ ಸಭೆಯೂ ಇಳಿಯಿತು.

"ಬರ್ರಿ, ಕೂಡ್ರಿ," ಎಂದರು ನೀಲವ್ವ. "ನನ್ನ ಕುರ್ಚಿ ಕಂಡ್ರ ಬಸ್ಸು ನಿಲ್ಲಂಗಿಲ್ರಿ. ಬರ್ಕೋರಿ."

ಸಾಹೇಬರೇ ಬರೆದುಕೊಂಡರು. ಅಂದಿನಿಂದ ಸಭೆ ಕೆಳಗೇ. ಇದರ ಅರ್ಥವೇನೆಂದರೆ, ಹಕ್ಕು ಎಂಬುದು ಮೊದಲು... ಇರಿ, ಕೆಳಗಿನಿಂದ ಕರೆಯುತ್ತಿದ್ದಾರೆ.